ಕೂಡಿ ನಡೆದವರ ಕಾಲು: ಜತ್ತ ಸೀಮೆಯ ನಡಿಗೆ, ಕುಣಿತ, ಕಸರತ್ತಿನ ಕಥೆ

ನಮ್ಮ ಕಡೆ ವಯಸ್ಸಾದವರ ಆರೋಗ್ಯ ವಿಚಾರಿಸುವ ರೀತಿಯೇ ಬೇರೆ. ಊರಿಗೆ ಬಂದ ಬೀಗರು "ಮುತ್ಯಾ ಎದ್ದು ಅಡ್ಡಾಡ್ತಾರಿಲ್ರಿ?" ಅಂತ ಕೇಳ್ತಾರ. "ಹೂಂ ರೀ, ದಿನಾ ಹೊಲದ ತನಕ ಹೋಗಿ ಬರ್ತಾರ" ಎಂಬ ಉತ್ತರ ಬಂದರೆ ಎಲ್ಲರಿಗೂ ಸಮಾಧಾನ. "ಇಲ್ರಿ, ಕುಂತಲ್ಲೇ ಕುಂತಾರ" ಎಂದರೆ ಕೇಳಿದವರ ದನಿ ತಗ್ಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಂಬ ಮಾತುಗಳು ಆಮೇಲೆ ಬಂದವು. ಅದಕ್ಕೂ ಮುಂಚೆ ನಮ್ಮ ಹಿರಿಯರು ಆರೋಗ್ಯವನ್ನು ಅಳೆದದ್ದು ಅಡ್ಡಾಡುವುದರ ಮೇಲೆ. ಆ ಅಳತೆ ತಪ್ಪಲ್ಲ ಎಂದು ಇವತ್ತಿನ ವೈದ್ಯಶಾಸ್ತ್ರವೂ ಹೇಳುತ್ತದೆ.

ಹಾಗಾದರೆ ನಮ್ಮ ಸೀಮೆಯ ಮುದುಕ ಮುದುಕಿಯರನ್ನು ಅಡ್ಡಾಡುವಂತೆ ಇಟ್ಟದ್ದು ಯಾವುದು? ಹೊಲದ ಕೆಲಸ ಎಂದು ಥಟ್ಟನೆ ಹೇಳುತ್ತೇವೆ. ಅದು ಅರ್ಧ ಮಾತು. ಹಳೆಯ ದಿನಗಳನ್ನು ಸ್ವಲ್ಪ ಕೆದಕಿದರೆ ಇನ್ನರ್ಧ ಕಾಣುತ್ತದೆ. ನಡಿಗೆ, ಕುಣಿತ, ಕಸರತ್ತು ಇವೆಲ್ಲ ನಮ್ಮಲ್ಲಿ ಕೂಟದ ಕೆಲಸಗಳಾಗಿದ್ದವು. ಆ ಕೂಟದಲ್ಲಿ ವಯಸ್ಸಾದವರಿಗೂ ಒಂದು ಜಾಗ ಇತ್ತು. ಕೂಟ ಚದುರಿದಾಗ ಅವರು ಕಟ್ಟೆಯ ಮೇಲೆ ಕೂತರು. ಈ ಬರಹ ಆ ಕೂಟಗಳ ಕಥೆ.

ನಮ್ಮ ಸೀಮೆ

ಜತ್ತ ತಾಲ್ಲೂಕು ಸಾಂಗಲಿ ಜಿಲ್ಲೆಯ ಪೂರ್ವದ ತುದಿ. ಅತ್ತ ವಿಜಯಪುರ, ಇತ್ತ ಅಥಣಿ, ಮೇಲೆ ಮಂಗಳವೇಢೆ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆ ಆಯಿತು, 1960ರಲ್ಲಿ ಅದಕ್ಕೆ ಸಾಂಗಲಿ ಎಂದು ಹೆಸರು ಬಂತು. ಆಡಳಿತ ಎಷ್ಟು ಸಲ ಬದಲಾದರೂ ಉಮದಿ, ಸಂಖ, ಗುಡ್ಡಾಪುರ, ಉಮರಾಣಿ ಕಡೆಯ ಮನೆಗಳಲ್ಲಿ ಕನ್ನಡ ಬದಲಾಗಲಿಲ್ಲ, ಆಕಾಶದ ಮಳೆಯೂ ಹೆಚ್ಚಾಗಲಿಲ್ಲ.

ಮಳೆ ಕಡಿಮೆ ಇರುವ ನೆಲದಲ್ಲಿ ಊರುಗಳು ದೂರ ದೂರ ಇರುತ್ತವೆ, ಬಾವಿಗಳು ಇನ್ನೂ ದೂರ. ಸಂತೆ, ಬೀಗತನ, ಕೋರ್ಟು ಕಚೇರಿ, ದೇವರು, ಎಲ್ಲಕ್ಕೂ ಕಾಲೇ ಗತಿ. ಚಕ್ಕಡಿ ಇದ್ದವರು ಕೆಲವರು, ಇದ್ದರೂ ಅದು ಕಾಳು ಕಡಿಗೆ. ಹೀಗಾಗಿ ನಡಿಗೆ ನಮ್ಮ ಮಂದಿಗೆ ಹೊಸದಾಗಿ ಕಲಿಯುವ ವಿದ್ಯೆ ಆಗಿರಲಿಲ್ಲ. ಆದರೆ ಬರೇ ಅಗತ್ಯಕ್ಕೆ ನಡೆದವರು ಅಗತ್ಯ ಮುಗಿದ ಕೂಡಲೇ ಕೂತುಬಿಡುತ್ತಾರೆ. ಮಗ ಹೊಲ ನೋಡಿಕೊಂಡ, ಸೊಸೆ ನೀರು ತಂದಳು ಎಂದರೆ ಹಿರಿಯರು ಏಳಬೇಕಾದ ಕಾರಣ ಏನು? ಆ ಕಾರಣ ಕೊಟ್ಟದ್ದು ನಮ್ಮ ಯಾತ್ರೆಗಳು.

ಗುಡ್ಡಾಪುರದ ದಾರಿ

ಗುಡ್ಡಾಪುರದ ದಾನಮ್ಮದೇವಿಯ ಹೆಸರು ಗೊತ್ತಿಲ್ಲದ ಮನೆ ಈ ಗಡಿಯ ಎರಡೂ ಬದಿಗೆ ಇಲ್ಲ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ 12ನೆಯ ಶತಮಾನದ ಶರಣರ ಕಾಲದಲ್ಲಿ ಕಲ್ಯಾಣಕ್ಕೆ ಹೋದಳು, ಆಕೆಯ ದಾಸೋಹ ನೋಡಿ ಬಸವಣ್ಣನವರು ದಾನಮ್ಮ ಎಂದು ಕರೆದರು ಎಂಬುದು ಪರಂಪರೆಯ ಮಾತು. ಕಲ್ಯಾಣ ಇಲ್ಲಿಂದ ಹತ್ತಿರದ ಊರಲ್ಲ. ಆಕೆಯ ಕಥೆಯೊಳಗೇ ನಡಿಗೆ ಇದೆ, ಆಕೆಯ ಭಕ್ತರೂ ನಡೆದೇ ಬರುತ್ತಾರೆ.

ಕಾರ್ತಿಕ ಮಾಸ ಮುಗಿಯುವ ಛಟ್ಟಿ ಅಮಾಸಿಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಪಾದಯಾತ್ರೆಗಳು ಹೊರಡುತ್ತವೆ. ದೂರದವರು ಒಂದೆರಡು ರಾತ್ರಿ ದಾರಿಯಲ್ಲೇ ಕಳೆಯಬೇಕು. ಆ ದಿನಗಳಲ್ಲಿ ರಸ್ತೆ ಬದಿಯ ಊರಿನವರು ಪೆಂಡಾಲು ಹಾಕಿ ಪ್ರಸಾದ, ಚಹಾ, ನೀರು, ಮಲಗಲು ಜಾಗ ಕೊಡುತ್ತಾರೆ. ಕಾಲು ಬಾತವರಿಗೆ ಎಣ್ಣೆ, ಮುಲಾಮು, ಗುಳಿಗೆ ಹಂಚುವವರೂ ಇರುತ್ತಾರೆ.

ಈ ಯಾತ್ರೆಯಲ್ಲಿ ವಯಸ್ಸಾದವರು ಹೇಗೆ ನಡೆಯುತ್ತಾರೆ ಎಂಬುದನ್ನು ನೋಡಬೇಕು. ಮನೆಯಲ್ಲಿ "ಮೊಣಕಾಲು ಬ್ಯಾನಿ" ಎಂದು ಓಣಿ ದಾಟದ ಆಯಿ ಇಲ್ಲಿ ಹತ್ತು ಹನ್ನೆರಡು ಮೈಲಿ ಸಾಗಿಬಿಡುತ್ತಾಳೆ. ಪವಾಡ ಎಂದು ಭಕ್ತರು ಹೇಳಬಹುದು. ಆದರೆ ನಡಿಗೆಯ ಕ್ರಮದಲ್ಲೇ ಅದಕ್ಕೆ ಕಾರಣವಿದೆ. ಬೆಳಗಿನ ತಂಪಿನಲ್ಲಿ ಹೊರಡುತ್ತಾರೆ. ಮೈಲಿಗೊಂದು ಮರದ ನೆರಳು, ಒಂದು ಗುಕ್ಕು ನೀರು. ಬಿಸಿಲೇರಿದಾಗ ಗುಡಿಯಲ್ಲಿ ಮಲಗಿ, ಇಳಿಹೊತ್ತಿಗೆ ಮತ್ತೆ ಹೆಜ್ಜೆ. ಜೊತೆಗೆ ಒಬ್ಬರು ಹಾಡು ಹಿಡಿದರೆ ಉಳಿದವರು ಸೊಲ್ಲು ಎತ್ತುತ್ತಾರೆ, ಕಾಲು ಹಾಡಿನ ಗತಿಗೆ ಬೀಳುತ್ತದೆ. ಹಿಂದೆ ಬಿದ್ದವರಿಗಾಗಿ ಗುಂಪು ಕಾಯುತ್ತದೆ. ಯಾರೂ ಮೊದಲಿಗೆ ಬರಬೇಕಾಗಿಲ್ಲ, ಎಲ್ಲರೂ ಮುಟ್ಟಬೇಕು, ಅಷ್ಟೇ.

ಇನ್ನೂ ಒಂದು ಸಂಗತಿ. ಛಟ್ಟಿ ಅಮಾಸಿಗೆ ಹೋಗಬೇಕೆಂದು ಹರಕೆ ಹೊತ್ತವರು ಆ ದಿನವೇ ಎದ್ದು ಹೊರಡೋದಿಲ್ಲ. ಕಾರ್ತಿಕ ಪೂರ್ತಿ ಬೆಳಿಗ್ಗೆ ಎದ್ದು ಗುಡಿಗೆ ಹೋಗುವುದು, ಸಂಜೆ ದೀಪ ಹಚ್ಚಲು ಹೋಗುವುದು, ಸೋಮವಾರ ದೂರದ ಗುಡಿಗೆ ಹೋಗಿ ಬರುವುದು ನಡೆದೇ ಇರುತ್ತದೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಅದು ಒಂದು ತಿಂಗಳ ತಾಲೀಮು.

ಪಂಢರಪುರ, ಶ್ರೀಶೈಲ

ಗುಡ್ಡಾಪುರ ನಮ್ಮ ಮನೆಯ ಅಂಗಳ. ದೂರದ ನಡಿಗೆಗಳು ಎರಡು: ಆಷಾಢದಲ್ಲಿ ಪಂಢರಪುರ, ಯುಗಾದಿಗೆ ಶ್ರೀಶೈಲ. ಪಂಢರಪುರದ ವಿಠ್ಠಲನಿಗೆ ಮರಾಠಿ, ಕನ್ನಡ ಎಂಬ ಭೇದವಿಲ್ಲ. ಕನ್ನಡ ಮಾತಾಡುವ ವಾರಕರಿಗಳ ಮನೆಗಳು ನಮ್ಮ ಭಾಗದಲ್ಲಿ ಹಿಂದಿನಿಂದಲೂ ಇವೆ. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆಗಳ ಪಾಲಖಿ ಸುಮಾರು 250 ಕಿಲೋಮೀಟರ್ ನಡೆದು ಬರುತ್ತದೆ. ಆ ಪಾಲಖಿಗೆ ಇವತ್ತಿನ ಶಿಸ್ತಿನ ರೂಪ ಕೊಟ್ಟವರು 19ನೆಯ ಶತಮಾನದ ಹೈಬತರಾವ್ ಬಾಬಾ ಆರಫಳಕರ. ಶಿಂದೆ ದರಬಾರಿನಲ್ಲಿ ಸೇವೆಯಲ್ಲಿದ್ದ ಅವರು ಸೈನ್ಯದ ಶಿಸ್ತನ್ನು ಭಕ್ತಿಗೆ ತಂದರು. ದಿಂಡಿ ಎಂಬ ಗುಂಪುಗಳಾಗಿ ನಡೆಯುವುದು, ಮುಂದೆ ಪತಾಕೆ, ಹಿಂದೆ ತಾಳದವರು, ನಡುವೆ ಮೃದಂಗ, ವೀಣೆ ಹಿಡಿದವರು, ತುಳಸಿ ಹೊತ್ತ ಹೆಣ್ಣುಮಕ್ಕಳು, ಹೀಗೆ ಎಲ್ಲರಿಗೂ ಒಂದು ಕೆಲಸ. ದಾರಿಯಲ್ಲಿ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ, ಬಯಲು ಸಿಕ್ಕಲ್ಲಿ ಫುಗಡಿ ಆಡುತ್ತಾರೆ. ತಲೆ ನರೆತವರು ಮಕ್ಕಳಂತೆ ಕೈ ಕೈ ಹಿಡಿದು ತಿರುಗುವುದನ್ನು ಅಲ್ಲಿ ಯಾರೂ ನಗೆಗೇಡು ಎನ್ನುವುದಿಲ್ಲ.

ಶ್ರೀಶೈಲಕ್ಕೆ ಹೋಗುವವರದು ಇನ್ನೂ ಗಟ್ಟಿ ಗುಂಡಿಗೆ. ಕಂಬಿ ಹೊತ್ತು, ಮಲ್ಲಯ್ಯನ ಹೆಸರು ಹೇಳುತ್ತ ಉತ್ತರ ಕರ್ನಾಟಕ, ಸೊಲ್ಲಾಪುರ ಕಡೆಯಿಂದ ಗುಂಪು ಗುಂಪಾಗಿ ಬಿಸಿಲಲ್ಲಿ ನಡೆಯುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ಹೋಗುತ್ತಾರೆ.

ಈ ಮೂರೂ ನಡಿಗೆಗಳ ತಿಥಿ ನೋಡಿದರೆ ಒಂದು ವಿಚಾರ ಹೊಳೆಯುತ್ತದೆ. ಆಷಾಢದ ಹೊತ್ತಿಗೆ ಮುಂಗಾರಿ ಬಿತ್ತಿಗೆ ಒಂದು ಹಂತಕ್ಕೆ ಬಂದಿರುತ್ತದೆ. ಕಾರ್ತಿಕದ ಕೊನೆಗೆ ಹಿಂಗಾರಿ ಜೋಳ ಬಿತ್ತಿ, ಎಡೆ ಹೊಡೆದು ಕೈ ಸ್ವಲ್ಪ ಬಿಡುವಾಗಿರುತ್ತದೆ. ಫಾಲ್ಗುಣದಲ್ಲಿ ರಾಶಿ ಮುಗಿಯುತ್ತದೆ. ಹೊಲದ ದುಡಿಮೆ ನಿಂತ ಬಿಡುವಿನಲ್ಲಿಯೇ ಯಾತ್ರೆ ಬರುತ್ತದೆ. ದುಡಿಯುವ ಮೈ ವರ್ಷದಲ್ಲಿ ಬಹಳ ದಿನ ಜಡ್ಡುಗಟ್ಟದಂತೆ ಪಂಚಾಂಗವೇ ಕಾವಲಿತ್ತು ಎನ್ನಬಹುದು.

ಓಣಿಯ ಕುಣಿತ, ಮನೆಯ ಹಾಡು

ಯಾತ್ರೆ ವರ್ಷಕ್ಕೊಮ್ಮೆ. ಊರೊಳಗೆ ಮೈ ಆಡಿಸುವ ಸಂದರ್ಭಗಳು ಬೇರೆ ಇದ್ದವು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿದವರು ಬರೇ ಮುಸಲ್ಮಾನರಲ್ಲ, ಊರೇ ಹೆಜ್ಜೆ ಹಾಕುತ್ತಿತ್ತು. ಹಲಗಿಯ ಪೆಟ್ಟಿಗೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಪಕ್ಕಕ್ಕೆ. ಕರ್ಬಲಾದ ಕಥೆ ಹೇಳುವ ರಿವಾಯತ ಪದ ಹಾಡಿದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಹಾಲುಮತದವರ ಡೊಳ್ಳು ಬೇರೆ. ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ದೀಪಾವಳಿ ಅಮಾಸಿಗೆ ಮಹಾಲಿಂಗರಾಯನ ಜಾತ್ರೆ, ಪಾಲಖಿಗಳ ಭೇಟಿ ಆಗುವಾಗ ಎರಡೂ ರಾಜ್ಯದ ಡೊಳ್ಳಿನ ಮೇಳಗಳು ಕೂಡುತ್ತವೆ. ಡೊಳ್ಳು ಹೊತ್ತು ಕುಣಿಯುವುದು ಹರೆಯದವರ ಕೆಲಸ, ಆದರೆ ಪದ ಎತ್ತಿಕೊಡುವುದು, ಗತಿ ತಪ್ಪಿದರೆ ತಿದ್ದುವುದು ಹಿರಿಯರದು. ಅವರೂ ನಿಂತಲ್ಲೇ ಹೆಜ್ಜೆ ತುಳಿಯುತ್ತ ಹಾಡುತ್ತಾರೆ.

ಹೆಣ್ಣುಮಕ್ಕಳಿಗೆ ಪಂಚಮಿಯ ಜೋಕಾಲಿ, ಗೌರಿ ಹುಣ್ಣಿಮೆಯ ಕೋಲಾಟ, ಫುಗಡಿ. ಎಳ್ಳ ಅಮಾಸಿಗೆ ಬುತ್ತಿ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಹೊಲದ ತುಂಬ ತಿರುಗಿ ಚರಗ ಚೆಲ್ಲಿ ಬರುವುದು. ದಿನದ ಕೆಲಸಕ್ಕೂ ಜೊತೆ ಇತ್ತು. ಬೀಸುಕಲ್ಲಿನ ಗೂಟಕ್ಕೆ ಇಬ್ಬರ ಕೈ, ಬಾಯಲ್ಲಿ ಹಾಡು. ನಮ್ಮ ಉಮದಿಯಾಚೆ ಗಡಿ ದಾಟಿದರೆ ಸಿಗುವ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಕನ್ನಡ ಸಾಹಿತ್ಯದಲ್ಲಿ ಆ ಪುಸ್ತಕಕ್ಕೆ ದೊಡ್ಡ ಹೆಸರಿದೆ. ಆ ಹಾಡುಗಳು ಹುಟ್ಟಿದ್ದು ಕೂತು ಬರೆಯುವ ಕೈಯಿಂದಲ್ಲ, ಕಲ್ಲು ತಿರುಗಿಸುವ ರಟ್ಟೆಯಿಂದ ಎಂಬುದನ್ನು ಮರೆಯಬಾರದು.

ತಾಲೀಮು ಮತ್ತು ವಸ್ತಾದ

ಗಂಡಸರ ಕೂಟ ತಾಲೀಮು, ಕೆಲವರ ಮಾತಿನಲ್ಲಿ ಗರಡಿ. ಹಣಮಪ್ಪನ ಫೋಟೊ, ಕೆಂಪು ಮಣ್ಣು, ಒಂದು ಜೊತೆ ಕರಲಾಕಟ್ಟೆ, ಎತ್ತುವ ಕಲ್ಲುಗುಂಡು, ಇಷ್ಟಿದ್ದರೆ ತಾಲೀಮು ಆಯಿತು. ಕೊಲ್ಲಾಪುರದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಸರೆ ಈ ಭಾಗದ ಊರೂರಿಗೂ ಮುಟ್ಟಿತು. ಅವರು ಕಟ್ಟಿಸಿದ ಖಾಸಬಾಗ ಮೈದಾನ 1912ರದು. ನಮ್ಮ ಜಿಲ್ಲೆಯ ಕವಠೇ ಪಿರಾನದ ಮಾರುತಿ ಮಾನೆ 1964ರಲ್ಲಿ ಹಿಂದಕೇಸರಿ ಆದರು. ಅವರ ಹೆಸರು ಕೇಳಿ ಸಾಮು ತೆಗೆಯಲು ತಾಲೀಮಿಗೆ ಇಳಿದ ಹುಡುಗರು ಎಷ್ಟೋ ಮಂದಿ.

ತಾಲೀಮಿನಲ್ಲಿ ಕುಸ್ತಿ ಹಿಡಿಯುವ ವಯಸ್ಸು ಮೂವತ್ತೈದಕ್ಕೆ ಮುಗಿಯುತ್ತಿತ್ತು. ಆದರೆ ತಾಲೀಮಿಗೆ ಬರುವ ವಯಸ್ಸು ಮುಗಿಯುತ್ತಿರಲಿಲ್ಲ. ಹಳೆಯ ಪೈಲವಾನ ವಸ್ತಾದ ಆಗುತ್ತಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ಹುಡುಗರಿಗಿಂತ ಮುಂಚೆ ಬಂದು ಮಣ್ಣು ಕೆದರಿಸುವುದು, ಪಟ್ಟು ತೋರಿಸುವುದು, ದಂಡ ಬೈಠಕ ಎಣಿಸುವುದು, ತಾನೂ ನಾಲ್ಕು ಹಾಕುವುದು ಅವನ ಕೆಲಸ. ಅವನು ಬರದಿದ್ದರೆ ತಾಲೀಮು ನಡೆಯದು. ವಯಸ್ಸಾದ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸುವುದಕ್ಕೆ "ನಾ ಹೋಗದಿದ್ರ ನಡೆಯೂದಿಲ್ಲ" ಎಂಬುದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ಔಂಧದ ರಾಜನ ಪ್ರಯೋಗ

ಜನರ ಪಾಡಿಗೆ ಜನ ಮಾಡಿದ್ದು ಇದು. ಸರಕಾರವೇ ಕೈ ಹಾಕಿ ಪ್ರಜೆಗಳಿಂದ ವ್ಯಾಯಾಮ ಮಾಡಿಸಿದ ಒಂದು ಕಥೆಯೂ ನಮ್ಮ ನೆರೆಯಲ್ಲೇ ಇದೆ. ಇಂದು ನಮ್ಮ ಜಿಲ್ಲೆಯಲ್ಲಿರುವ ಆಟಪಾಡಿ ಆಗ ಔಂಧ ಸಂಸ್ಥಾನದ ಭಾಗ. ಚದುರಿದ ಆ ಚಿಕ್ಕ ಸಂಸ್ಥಾನದ ಒಂದು ತುಣುಕು, ಗುಣದಾಳ, ವಿಜಯಪುರ ಸೀಮೆಯ ಕನ್ನಡ ನೆಲದಲ್ಲೂ ಇತ್ತು. ಅಲ್ಲಿನ ರಾಜ ಭವಾನರಾವ್ ಶ್ರೀನಿವಾಸರಾವ್ ಪಂತ ಪ್ರತಿನಿಧಿ. 1868ರಲ್ಲಿ ಹುಟ್ಟಿದವರು, 1951ರಲ್ಲಿ ತೀರಿಕೊಂಡರು. ಒಳ್ಳೆಯ ಚಿತ್ರಕಾರರು, ಕೀರ್ತನಕಾರರು. 1939ರಲ್ಲಿ ಗಾಂಧೀಜಿಯವರ ಸಲಹೆಯಂತೆ ತಮ್ಮ ಅಧಿಕಾರವನ್ನು ಪ್ರಜೆಗಳ ಕೈಗೆ ಒಪ್ಪಿಸಿದ ಅಪರೂಪದ ರಾಜ.

ಈ ರಾಜರಿಗೆ ಸೂರ್ಯನಮಸ್ಕಾರದ ಹುಚ್ಚು. ತಾವು ದಿನಾ ಹಾಕುತ್ತಿದ್ದರು, ಮನೆಯವರಿಂದ ಹಾಕಿಸುತ್ತಿದ್ದರು, ಸಂಸ್ಥಾನದ ಶಾಲೆಗಳಲ್ಲಿ ಗಂಡು ಹೆಣ್ಣು ಮಕ್ಕಳೆಲ್ಲ ಹಾಕಬೇಕೆಂದು ನೇಮ ಮಾಡಿದರು. 1920ರ ದಶಕದ ಕೊನೆಗೆ ಅದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1938ರಲ್ಲಿ ಲೂಯಿಸ್ ಮಾರ್ಗನ್ ಎಂಬ ಪತ್ರಕರ್ತೆ ಸಂಪಾದಿಸಿದ ಅವರ ಇನ್ನೊಂದು ಪುಸ್ತಕ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಆಗ ರಾಜರಿಗೆ ಎಪ್ಪತ್ತು. ಎಪ್ಪತ್ತರ ಮನುಷ್ಯ ತನ್ನ ಮೈಯನ್ನೇ ಸಾಕ್ಷಿ ಮಾಡಿ ವ್ಯಾಯಾಮದ ಮಾತು ಹೇಳಿದ್ದು ಆ ಕಾಲಕ್ಕೆ ಹೊಸತು. ಅದೇ ಹೊತ್ತಿಗೆ ಕನ್ನಡ ನಾಡಿನಲ್ಲೂ ಗಾಳಿ ಬೀಸಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯಿತು, ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸಿ ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದರು.

1948ರಲ್ಲಿ ಔಂಧವೂ ಜತ್ತದಂತೆ ವಿಲೀನವಾಯಿತು. ರಾಜರ ಪ್ರಯೋಗದಿಂದ ಉಳಿದದ್ದು ಶಾಲೆಯ ಪಿ.ಟಿ. ತಾಸು. ಮಕ್ಕಳಿಗೆ ಅದು ಒಳ್ಳೆಯದೇ. ಆದರೆ ಶಾಲೆ ಬಿಟ್ಟವನಿಗೆ, ಅರವತ್ತು ದಾಟಿದವನಿಗೆ ಆ ಸೀಟಿ ಮತ್ತೆ ಕೇಳಿಸಲಿಲ್ಲ. ಆಜ್ಞೆಯಿಂದ ಬಂದದ್ದು ಆಜ್ಞೆ ನಿಂತಾಗ ನಿಂತಿತು. ಯಾರೂ ಆಜ್ಞೆ ಮಾಡದ ಗುಡ್ಡಾಪುರದ ನಡಿಗೆ ಇನ್ನೂ ನಡೆದಿದೆ.

ದುಡಿಮೆ ಬೇರೆ, ಚಲನೆ ಬೇರೆ

ಇಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ಹಳೆಯ ಕಾಲ ಬಹಳ ಚಲೋ ಇತ್ತು, ಬೀಸುಕಲ್ಲು ಬಿಟ್ಟು ಕೆಟ್ಟೆವು ಅಂತ ಹೇಳುವವರು ಬೀಸಿದವರಲ್ಲ. ಕತ್ತಲಲ್ಲಿ ಎದ್ದು ಬೀಸಿ, ಮೈಲಿಗಟ್ಟಲೆ ನೀರು ಹೊತ್ತು, ಅರೆಹೊಟ್ಟೆ ಉಂಡು ಬಾಳಿದ ತಾಯಂದಿರ ಸೊಂಟ ಮುರಿದದ್ದು ಸುಳ್ಳಲ್ಲ. 1972ರ ಬರ ನೆನಪಿರುವವರು ಇನ್ನೂ ಇದ್ದಾರೆ. ಆಗ ಕಾಮಗಾರಿಯಲ್ಲಿ ಖಡಿ ಒಡೆದು, ಸುಕಡಿ ತಿಂದು ಜೀವ ಹಿಡಿದದ್ದು ಮುದುಕರೂ ಹೌದು. ಅದನ್ನು ಯಾರೂ ವ್ಯಾಯಾಮ ಎನ್ನಬಾರದು. ಇವತ್ತಿಗೂ ನಮ್ಮ ತಾಲ್ಲೂಕಿನಿಂದ ಕಬ್ಬು ಕಡಿಯಲು ಹೋಗುವ ಜೋಡಿಗಳು ನಲವತ್ತೈದಕ್ಕೇ ಬೆನ್ನು ಹಿಡಿದುಕೊಳ್ಳುತ್ತಾರೆ. ಅವರಿಗೆ "ದಿನಾ ಕಸರತ್ತು ಮಾಡ್ರಿ" ಎಂದು ಉಪದೇಶಿಸಿದರೆ ಬೈಗಳ ಬಿದ್ದಾವು.

ದುಡಿಮೆಯಲ್ಲಿ ಒಂದೇ ಕೀಲು, ಒಂದೇ ಸ್ನಾಯು ಸವೆಯುತ್ತದೆ. ವಿಶ್ರಾಂತಿ ನಮ್ಮ ಕೈಲಿಲ್ಲ, ಊಟ ಸಾಕಾಗುವುದಿಲ್ಲ. ಯಾತ್ರೆ, ಕುಣಿತದಲ್ಲಿ ಮೈಯೆಲ್ಲ ಆಡುತ್ತದೆ, ಸಾಕಾದಾಗ ಕೂಡಬಹುದು, ಉಂಡು ನಡೆಯಬಹುದು, ಮನಸ್ಸು ಹಗುರಾಗುತ್ತದೆ. ದುಡಿದು ಸವೆದ ಮೈಗೆ ಬೇಕಾದದ್ದು ಈ ಎರಡನೆಯದು. ಹಿಟ್ಟಿನ ಗಿರಣಿ ಬಂದದ್ದು, ಬೋರಿನ ನೀರು ಮನೆ ಹತ್ತಿರ ಬಂದದ್ದು ಪುಣ್ಯದ ಕೆಲಸ. ತೊಂದರೆ ಏನೆಂದರೆ ದುಡಿಮೆಯ ಭಾರ ಇಳಿದಾಗ ಅದರ ಜೊತೆ ಕೂಟವೂ ಹೋಯಿತು. ಗಿರಣಿಯ ಮುಂದೆ ಹಾಡಿಲ್ಲ. ಸಂತೆಗೆ ಮೋಟರ್‌ಸೈಕಲ್ ಮೇಲೆ ಹೋಗಿ ಬರುವವನಿಗೆ ಜೊತೆಗಾರ ಬೇಡ. ಸಂಜೆಯ ಭಜನೆಗೆ ಟಿ.ವಿ., ಆಮೇಲೆ ಮೊಬೈಲ್ ಅಡ್ಡ ಬಂತು. ತಾಲೀಮಿನ ಎಷ್ಟೋ ಕಟ್ಟಡಗಳಿಗೆ ಕೀಲಿ ಬಿತ್ತು. ಹರೆಯದವರು ಸಾಂಗಲಿ, ಪುಣೆ, ಮುಂಬಯಿ, ಕಬ್ಬಿನ ಪಡ ಅಂತ ಹೋದರು, ಮನೆ ಕಾಯಲು ಮುತ್ಯಾ, ಆಯಿ, ಸಣ್ಣ ಮೊಮ್ಮಕ್ಕಳು ಉಳಿದರು.

ಅಂಥ ಮನೆಯಲ್ಲಿ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಎತ್ತಲು ಗಟ್ಟಿ ಆಳಿಲ್ಲ. ಮಿರಜಕ್ಕೋ ವಿಜಯಪುರಕ್ಕೋ ಗಾಡಿ ಮಾಡಿಕೊಂಡು ಹೋಗಬೇಕು. ಸೊಂಟದ ಎಲುಬು ಮುರಿದಿದ್ದರೆ ಆಪರೇಶನ್ನು, ಸಾಲ, ಮಗನ ಹಂಗಾಮು ಹಾಳು. ಎಷ್ಟೋ ಮಂದಿ ಆಮೇಲೆ ಏಳುವುದೇ ಇಲ್ಲ. ಮುಪ್ಪಿನಲ್ಲಿ ಕಾಲಿಗೆ ಬಲ, ಮೈಗೆ ತೂಕ ಹಿಡಿಯುವ ಶಕ್ತಿ ಉಳಿಸಿಕೊಳ್ಳುವುದು ಎಂದರೆ ಇಡೀ ಮನೆಯನ್ನು ಉಳಿಸಿಕೊಂಡಂತೆ.

ಲಂಡನ್ನಿನ ಬಸ್ಸು, ಜಪಾನಿನ ರೇಡಿಯೊ

ಕೂತವರಿಗೂ ಓಡಾಡುವವರಿಗೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ ತೋರಿಸಿದವರು ಇಂಗ್ಲೆಂಡಿನ ವೈದ್ಯ ಜೆರಿ ಮಾರಿಸ್. ಲಂಡನ್ನಿನ ಎರಡಂತಸ್ತಿನ ಬಸ್ಸಿನಲ್ಲಿ ಡ್ರೈವರ್ ಇಡೀ ದಿನ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ ಐದು ನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತುತ್ತಿದ್ದ. ಇಬ್ಬರೂ ಒಂದೇ ವರ್ಗದ ಜನ, ಒಂದೇ ಕಂಪನಿ. ಆದರೂ ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದಯಾಘಾತ ಬಹಳ ಕಡಿಮೆ ಎಂದು ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಆಗ ಬಹಳ ಮಂದಿ ನಂಬಲಿಲ್ಲ. ಇವತ್ತು ಅದು ವೈದ್ಯಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಮಾರಿಸ್ ಅವರೂ 99 ವರ್ಷ ಬಾಳಿದರು.

ಕೂಡಿ ಮಾಡುವುದರ ಬಲಕ್ಕೆ ಜಪಾನ್ ಉದಾಹರಣೆ. ಅಲ್ಲಿ 1928ರ ನವೆಂಬರ್ 1ರಂದು ರೇಡಿಯೊದಲ್ಲಿ ವ್ಯಾಯಾಮದ ಕಾರ್ಯಕ್ರಮ ಶುರುವಾಯಿತು. ಪಿಯಾನೊ ಸಂಗೀತಕ್ಕೆ ಸರಿಯಾಗಿ ಕೈಕಾಲು ಆಡಿಸುವ ಕೆಲವು ನಿಮಿಷದ ಸರಳ ಕಸರತ್ತು. ಯುದ್ಧದ ಕಾಲದಲ್ಲಿ ಅದನ್ನು ಸರಕಾರ ಶಿಸ್ತಿನ ಹೆಸರಲ್ಲಿ ಬಳಸಿಕೊಂಡಿತು, ಸೋತ ಮೇಲೆ ಅದು ನಿಂತಿತು, 1951ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. ಇಂದಿಗೂ ಬೆಳಿಗ್ಗೆ ಆರೂವರೆಗೆ ಅಲ್ಲಿನ ಉದ್ಯಾನಗಳಲ್ಲಿ ಮುದುಕರು ಕೂಡುತ್ತಾರೆ. ರೇಡಿಯೊ ಹಚ್ಚಿ ಮನೆಯಲ್ಲೇ ಮಾಡಬಹುದು. ಆದರೂ ಹೊರಗೆ ಬರುತ್ತಾರೆ. ಒಂದು ದಿನ ಒಬ್ಬರು ಕಾಣದಿದ್ದರೆ ಉಳಿದವರು ಮನೆಗೆ ಹೋಗಿ ನೋಡುತ್ತಾರೆ. ನಮ್ಮ ದಿಂಡಿ ಹಿಂದೆ ಬಿದ್ದವರಿಗೆ ಕಾಯುವ ಹಾಗೆಯೇ ಇದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ಹೀಗಿದೆ. 65 ದಾಟಿದವರು ವಾರಕ್ಕೆ 150 ನಿಮಿಷವಾದರೂ ಸ್ವಲ್ಪ ಉಸಿರು ಹೆಚ್ಚುವಷ್ಟು ನಡೆಯಬೇಕು ಅಥವಾ ಅಂಥ ಬೇರೆ ಚಟುವಟಿಕೆ ಮಾಡಬೇಕು, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ, ಮೂರು ದಿನ ಬೀಳದಂತೆ ತೂಕ ಹಿಡಿಯುವ ಅಭ್ಯಾಸ ಮಾಡಬೇಕು. 150 ನಿಮಿಷ ಎಂದರೆ ವಾರದಲ್ಲಿ ಐದು ದಿನ ಅರ್ಧ ತಾಸು. ಊರಿಂದ ಹೊರಗಿನ ಗುಡಿಗೋ ದರ್ಗಾಕ್ಕೋ ಹೋಗಿ ಬಂದಷ್ಟು. ಬಲ ಕೊಡುವುದೆಂದರೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂಡುವುದು, ಅಂದರೆ ತಾಲೀಮಿನ ಬೈಠಕದ ಮೊಮ್ಮಗ. ತೂಕ ಹಿಡಿಯುವುದೆಂದರೆ ಹೆಜ್ಜೆ ಮುಂದೆ, ಹೆಜ್ಜೆ ಪಕ್ಕಕ್ಕೆ, ನಿಧಾನ ತಿರುಗು. ಮೊಹರಂದ ಹೆಜ್ಜೆ ಅದೇ, ದಿಂಡಿಯ ಹೆಜ್ಜೆಯೂ ಅದೇ. ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ.

ಮತ್ತೆ ಕೂಡುವುದು

ಇತಿಹಾಸ ಓದಿ ಸುಮ್ಮನಾಗುವುದಾದರೆ ಈ ಬರಹ ಬೇಕಿರಲಿಲ್ಲ. ಮೇಲಿನ ಕಥೆಗಳಲ್ಲಿ ಉಳಿದು ಬಂದ ಪದ್ಧತಿಗಳನ್ನು ನೋಡಿದರೆ ಎಲ್ಲಕ್ಕೂ ನಾಲ್ಕು ಗುಣ ಸಮಾನ. ಹೊತ್ತು ಮತ್ತು ಜಾಗ ಗೊತ್ತಾಗಿದೆ. ಹಾಡೋ ತಾಳವೋ ಇದೆ. ಪ್ರತಿಯೊಬ್ಬರಿಗೂ ಒಂದು ಕೆಲಸ ಇದೆ. ಕೊನೆಗೆ ಕೂಡಿ ಏನಾದರೂ ತಿಂದು ಕುಡಿದು ಏಳುತ್ತಾರೆ. ಇವು ನಾಲ್ಕೂ ನಮ್ಮ ಊರಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಬೆಳಿಗ್ಗೆಯ ತಂಪಿನಲ್ಲಿ ಗುಡಿಯ ಅಂಗಳದಲ್ಲೋ ಶಾಲೆಯ ಬಯಲಿನಲ್ಲೋ ಓಣಿಯ ಹಿರಿಯರು ಕೂಡಲಿ. ಸೂರ್ಯನಮಸ್ಕಾರ ಒಗ್ಗುವವರು ಅದನ್ನು ಹಾಕಲಿ, ಒಗ್ಗದವರು ಹೆಜ್ಜೆ ತುಳಿಯಲಿ, ಅದೂ ಆಗದವರು ಕೂತು ತಾಳ ಹಾಕಲಿ, ಪದ ಎತ್ತಿಕೊಡಲಿ. ಒಂದು ಹಲಗಿ ಸಾಕು, ಇಲ್ಲವಾದರೆ ಕೈಚಪ್ಪಾಳೆ. ಹೆಣ್ಣುಮಕ್ಕಳಿಗೆ ಮನೆಗೆಲಸ ಮುಗಿದ ಹೊತ್ತು ಅನುಕೂಲ, ಅವರ ಕೂಟ ಬೇರೆ ಹೊತ್ತಿಗೆ ಇರಲಿ. ಮೊಣಕಾಲು ನೋಯುವವರು ಫುಗಡಿಯ ಗೋಜಿಗೆ ಹೋಗಬಾರದು, ಕೈ ಹಿಡಿದು ಸುತ್ತ ನಡೆದರೆ ಸಾಕು. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಹೃದಯದ ತೊಂದರೆ, ಸಕ್ಕರೆ, ಬಿ.ಪಿ. ಇರುವವರು ಶುರು ಮಾಡುವ ಮುಂಚೆಯೇ ಕೇಳಬೇಕು. ಮೊದಲ ವಾರ ಹತ್ತು ನಿಮಿಷ ಸಾಕು, ಕಾರ್ತಿಕದ ತಾಲೀಮಿನಂತೆ ಮೆಲ್ಲಗೆ ಏರಿಸಬೇಕು.

ಶಾಲೆಯ ಗುರುಗಳಿಗೆ ಒಂದು ಕೋರಿಕೆ. ನಿಮ್ಮ ಮಕ್ಕಳಿಗೆ ಒಂದು ಪಾಠ ಕೊಡಿ: ಮನೆಯ ಮುತ್ಯಾನಿಂದ, ಆಯಿಯಿಂದ ಒಂದು ಹೆಜ್ಜೆ, ಒಂದು ಬೀಸುವ ಹಾಡು, ಒಂದು ಲೇಜಿಮ್ ಗತಿ ಕಲಿತು ಬರಲಿ. ತಿಂಗಳಿಗೊಮ್ಮೆ ಆ ಹಿರಿಯರನ್ನೇ ಶಾಲೆಗೆ ಕರೆಸಿ. ಹಲಸಂಗಿಯ ಗೆಳೆಯರು ತೊಂಬತ್ತು ವರ್ಷದ ಹಿಂದೆ ಮಾಡಿದ ಕೆಲಸದ ಉಳಿದ ಪಾಲು ಅದು. ಅವರು ಮಾತನ್ನು ಉಳಿಸಿದರು, ಹೆಜ್ಜೆಯನ್ನು ನಾವು ಉಳಿಸಬೇಕು. ಕಲಿಸಲು ಎದ್ದು ನಿಂತ ಮುದುಕನಿಗೆ ವಸ್ತಾದನ ಮರ್ಯಾದೆ ಮರಳಿ ಬರುತ್ತದೆ, ಆ ಮರ್ಯಾದೆಗಾಗಿ ಅವನು ನಾಳೆಯೂ ಏಳುತ್ತಾನೆ.

ಬರುವ ಛಟ್ಟಿ ಅಮಾಸಿಗೆ ಗುಡ್ಡಾಪುರದ ದಾರಿ ಮತ್ತೆ ತುಂಬುತ್ತದೆ. ಆ ದಿನ ನಡೆಯಬೇಕೆನ್ನುವ ಹಿರಿಯರು ಈ ತಿಂಗಳಿಂದಲೇ ನಾಲ್ಕು ಮಂದಿ ಕೂಡಿ ಊರ ಹೊರಗಿನ ಗುಡಿಯ ತನಕ ಹೋಗಿ ಬರಲು ಶುರು ಮಾಡಲಿ. ಹೊರಡುವಾಗ ಪಕ್ಕದ ಮನೆಯ ಬಾಗಿಲು ಬಡಿದು "ಬರ್ತೀಯೇನೋ ಮಾರಾಯ" ಎಂದು ಒಂದು ಮಾತು ಕೇಳಲಿ.